ಮೂರು ವಿಮಾನ, ಒಂದೇ ಆಲ್ಬಟ್ರಾಸ್

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಚಾಪಲ್ ಯುದ್ಧನೌಕೆಯ ಹತ್ತಿರ ನಿಂತಿರುವ ಟುಪೊಲೆವ್-142ಎಂ ವಿಮಾನ ಅರಕ್ಕೋಣಂನಿಂದ ಬಿಡಿಭಾಗಗಳಾಗಿ ರಸ್ತೆಯಲ್ಲಿ ಬಂದದ್ದು. ಅದನ್ನು ಹಾರಿಸುತ್ತಿದ್ದುದು ನೌಕಾಪಡೆಯ 312ನೇ ಸ್ಕ್ವಾಡ್ರನ್, ಅಂದರೆ ವಿಮಾನದಳ. ದಳದ ಲಾಂಛನ ಆಲ್ಬಟ್ರಾಸ್ ಎಂಬ ಕಡಲಹಕ್ಕಿ. 1976ರಲ್ಲಿ ದಳ ಹುಟ್ಟಿದಾಗ ಇದ್ದದ್ದು ವಾಯುಪಡೆಯಿಂದ ಬಂದ ಸೂಪರ್ ಕಾನ್‌ಸ್ಟೆಲೇಷನ್. 1988ರಲ್ಲಿ ಟುಪೊಲೆವ್ ಬಂತು, 2017ರಲ್ಲಿ ನಿವೃತ್ತಿಯಾಯಿತು. ಈಗಿನ ವಿಮಾನ ಪಿ-8ಐ. ಹಕ್ಕಿ ಮಾತ್ರ ಅದೇ.

ಲಾಂಛನದಲ್ಲಿ ವಿಮಾನವನ್ನೇ ಬರೆದರೆ ಅದು ಗುಜರಿಗೆ ಹೋದ ದಿನ ಲಾಂಛನವೂ ಹಳತು. ಪ್ರಾಣಿ, ಪಕ್ಷಿಗೆ ಆ ತಾಪತ್ರಯವಿಲ್ಲ. 300ನೇ ದಳದ ಬಿಳಿಹುಲಿಯೂ ಸೀ ಹಾಕ್, ಸೀ ಹ್ಯಾರಿಯರ್ ದಾಟಿ ಮಿಗ್-29ಕೆಗೆ ಬಂದಿದೆ. ಆಲ್ಬಟ್ರಾಸ್ ಅಂತೂ ಜಾಣ ಆಯ್ಕೆ. ಮೂರೂವರೆ ಮೀಟರಿನವರೆಗೂ ಚಾಚುವ ರೆಕ್ಕೆಯನ್ನು ಹೆಚ್ಚು ಬಡಿಯದೆ, ಗಾಳಿಯನ್ನೇ ನೆಚ್ಚಿಕೊಂಡು ದಿನಗಟ್ಟಲೆ ನಡುಗಡಲಲ್ಲಿರುವ ಹಕ್ಕಿ ಅದು. ಜಲಾಂತರ್ಗಾಮಿ ಹುಡುಕುತ್ತ ಗಂಟೆಗಟ್ಟಲೆ ಸುತ್ತುವ ವಿಮಾನದ ಕೆಲಸವೂ ಅದೇ. ನಮ್ಮ ಕರಾವಳಿಯ ಬಿಳಿಹೊಟ್ಟೆಯ ಕಡಲಹದ್ದು ಎಷ್ಟೇ ಚೆಂದವಿರಲಿ, ಅದು ದಡ ಬಿಟ್ಟು ದೂರ ಹೋಗುವುದಿಲ್ಲ.

ಮೊದಲ ಮಹಾಯುದ್ಧದಲ್ಲಿ ಪೈಲಟ್‌ಗಳು ವಿಮಾನದ ಮೇಲೆ ಮನಸ್ಸಿಗೆ ಬಂದ ಗುರುತನ್ನು ಬಳಿಯುತ್ತಿದ್ದರು. 1930ರ ದಶಕದಲ್ಲಿ ಬ್ರಿಟಿಷ್ ವಾಯುಪಡೆ ಲಾಂಛನಕ್ಕೊಂದು ಅಚ್ಚು ಕೊಟ್ಟಿತು: ದುಂಡು ಚೌಕಟ್ಟು, ದಳದ ಸಂಖ್ಯೆ, ಕೆಳಗೆ ಧ್ಯೇಯವಾಕ್ಯ, ನೆತ್ತಿಯಲ್ಲಿ ಕಿರೀಟ, ದೊರೆಯ ಸಹಿ. ನಮ್ಮ ದಳಗಳಿಗೂ ಅದೇ ಬಂತು. 1950ರಲ್ಲಿ ಗಣರಾಜ್ಯವಾದ ಮೇಲೆ ಕಿರೀಟ ಇಳಿದು ಅಶೋಕನ ಸಿಂಹಗಳು ಏರಿದವು.

ಇಷ್ಟೆಲ್ಲ ವಿವರ ಹತ್ತಿರದಿಂದ ನೋಡಲು ಸರಿ, ವಿಮಾನದ ಬಾಲದ ಮೇಲೆ ಬರೆದರೆ ದೂರಕ್ಕೆ ಬರೀ ಮಚ್ಚೆ. ಅದಕ್ಕೇ ಅಲ್ಲಿ ಚೌಕಟ್ಟು ಬಿಟ್ಟು ಪ್ರಾಣಿಯನ್ನಷ್ಟೇ ದೊಡ್ಡದಾಗಿ ಬಿಡಿಸುವುದು ವಾಸಿ. ಬನವಾಸಿಯ ಕದಂಬರೂ ಹತ್ತಿರದ ಗುರುತು, ದೂರದ ಗುರುತು ಎರಡನ್ನೂ ಬೇರೆಯಾಗಿಯೇ ಇಟ್ಟಿದ್ದರು: ಮುದ್ರೆಗೆ ಸಿಂಹ, ಬಾವುಟಕ್ಕೆ ವಾನರ.

ಲಾಂಛನದ ಬಣ್ಣಕ್ಕೂ ಹಳೆಯ ಕಟ್ಟಳೆಯಿದೆ. ಹಳದಿ, ಬಿಳಿ ಎಂದರೆ ಚಿನ್ನ, ಬೆಳ್ಳಿ. ಇವನ್ನು ಒಂದರ ಮೇಲೊಂದು ಹಾಕಬಾರದು. ನೀಲಿಯ ಮೇಲೆ ಕಪ್ಪೂ ಕೂಡದು. ಹಾಕಿದರೆ ರೂಪರೇಖೆ ಕರಗಿಹೋಗುತ್ತದೆ. ಬಿಸಿಲಿಗೆ ಮೊದಲು ಪೇಲವವಾಗುವುದು ಸಾಮಾನ್ಯವಾಗಿ ಕೆಂಪು.

ಹೆಚ್ಚು ಎಡವುವುದು ದಿಕ್ಕಿನಲ್ಲಿ. ಗುರಾಣಿಯ ಮೇಲೆ ಲಾಂಛನ ಬರೆಯುವ ಯುರೋಪಿನ ಸಂಪ್ರದಾಯದಂತೆ ಪ್ರಾಣಿ ನೋಡುವವರ ಎಡಕ್ಕೆ ಮುಖಮಾಡುತ್ತದೆ. ವಿಮಾನದ ಎಡಮೈ ಮೇಲೆ ಅದು ಮೂತಿಯ ಕಡೆಗೇ ಇರುತ್ತದೆ. ಬಲಮೈ ಮೇಲೂ ಹಾಗೇ ಬರೆದರೆ ಹುಲಿ ಹಿಂದಕ್ಕೆ ಓಡಿದಂತೆ ಕಾಣುತ್ತದೆ. ಅಲ್ಲಿ ಚಿತ್ರವನ್ನು ತಿರುವಬೇಕು, ಸಂಖ್ಯೆಯನ್ನಲ್ಲ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಸ್ಟೆನ್ಸಿಲ್ ಕತ್ತರಿಸುವುದು ಒಳ್ಳೆಯದು.