ಕ್ಯಾಸೆಟ್‌ಗೆ ಮಿಕ್ಸ್ ಇಳಿಸುವಾಗ ಧ್ವನಿ ಒಡೆಯುವುದೇಕೆ: ಮೀಟರ್ ತೋರಿಸದ ಭಾಗ

ಕಂಪ್ಯೂಟರ್‌ನಲ್ಲಿ ಮಾಡಿದ ಮಿಕ್ಸನ್ನು ಕ್ಯಾಸೆಟ್‌ಗೆ ಇಳಿಸಲು ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ವೈರ್ ಜೋಡಿಸುವುದು, ರೆಕಾರ್ಡ್ ಒತ್ತುವುದು ನಿಮಗೆ ಗೊತ್ತಿದೆ ಅಂದುಕೊಳ್ಳುತ್ತೇನೆ. ತೊಂದರೆ ಶುರುವಾಗುವುದು ಆಮೇಲೆ. ಕಂಪ್ಯೂಟರ್‌ನಲ್ಲಿ ಚೊಕ್ಕವಾಗಿದ್ದ ಹಾಡು ಟೇಪಿನಿಂದ ಹೊರಬರುವಾಗ ಕರಕರ ಅನ್ನುತ್ತದೆ. ಮೀಟರ್ ನೋಡಿದರೆ ಕೆಂಪು ಮುಟ್ಟಿಯೇ ಇಲ್ಲ. ನನ್ನ ತಲೆ ಜಾಸ್ತಿ ತಿಂದಿದ್ದು ಇದೇ.

ಮೊದಲು, ಒಡೆಯುತ್ತಿರುವುದು ಎಲ್ಲಿ?

ಟೇಪ್ ಓಡಿಸದೆ ಒಮ್ಮೆ ಕೇಳಿ. ಕ್ಯಾಸೆಟ್ ಡೆಕ್ಕನ್ನು (ರೆಕಾರ್ಡರನ್ನು) ರೆಕಾರ್ಡ್-ಪಾಸ್‌ನಲ್ಲಿ (ರೆಕಾರ್ಡ್ ಒತ್ತಿ, ಪಾಸ್ ಹಾಕಿ) ನಿಲ್ಲಿಸಿ, ಅದರದೇ ಹೆಡ್‌ಫೋನ್ ಜಾಕ್‌ನಿಂದ ಕೇಳಿದರೆ ಸಿಗುವುದು ಟೇಪಿಗೆ ಹೋಗುವ ಮುಂಚಿನ ಧ್ವನಿ. ಅಲ್ಲೇ ಒಡಕು ಕೇಳಿಸಿದರೆ ಟೇಪಿನದೇನೂ ತಪ್ಪಿಲ್ಲ. ಈಗ ರೆಕಾರ್ಡ್ ಲೆವೆಲ್ ಗುಂಡಿಯನ್ನು ಇಳಿಸಿ. ಧ್ವನಿ ಸಣ್ಣದಾಯಿತು, ಒಡಕು ಮಾತ್ರ ಹಾಗೇ ಉಳಿಯಿತು ಅಂದರೆ, ಗುಂಡಿ ತಲುಪುವ ಮೊದಲೇ ಸಿಗ್ನಲ್ ಹಾಳಾಗಿದೆ.

ಇದಕ್ಕೆ ಸಾಮಾನ್ಯ ಕಾರಣ ಲೈನ್ ಲೆವೆಲ್, ಅಂದರೆ ಒಂದು ಸಾಧನದಿಂದ ಇನ್ನೊಂದಕ್ಕೆ ವೈರಿನಲ್ಲಿ ಹೋಗುವ ಸಿಗ್ನಲ್‌ನ ಜೋರು. ಇದನ್ನು ಡೆಸಿಬೆಲ್‌ (ಡಿಬಿ) ಲೆಕ್ಕದಲ್ಲಿ ಹೇಳುತ್ತಾರೆ; ಡಿಬಿವಿ, ಡಿಬಿಯು ಅದರ ಎರಡು ಅಳತೆಗಳು. ಮನೆಯ ಡೆಕ್‌ಗಳು −10 ಡಿಬಿವಿ, ಅಂದರೆ ಸುಮಾರು 0.316 ವೋಲ್ಟ್ ಬರುತ್ತದೆಂದು ಕಾಯುತ್ತಿರುತ್ತವೆ. ಸ್ಟುಡಿಯೋ ಸಾಧನಗಳ +4 ಡಿಬಿಯು ಅಂದರೆ 1.23 ವೋಲ್ಟ್. ಸುಮಾರು ನಾಲ್ಕು ಪಟ್ಟು, 12 ಡಿಬಿ ವ್ಯತ್ಯಾಸ. ಕೆಲವು ಡೆಕ್‌ಗಳಲ್ಲಿ ಗುಂಡಿಗೂ ಮುಂಚೆ ಒಂದು ಆಂಪ್ಲಿಫೈಯರ್ ಇರುತ್ತದೆ. ಅದು ಉಸಿರುಗಟ್ಟಿದ ಮೇಲೆ ಗುಂಡಿ ತಿರುಗಿಸಿ ಏನು ಪ್ರಯೋಜನ? ಆಡಿಯೋ ಇಂಟರ್‌ಫೇಸ್‌ನ (ಕಂಪ್ಯೂಟರಿನ ಧ್ವನಿಯನ್ನು ಹೊರಗೆ ಕೊಡುವ ಸಾಧನದ) ಔಟ್‌ಪುಟ್ಟನ್ನೇ ಇಳಿಸಬೇಕು. ಗುಂಡಿ 10ರಲ್ಲಿ 1 ಅಥವಾ 2ಕ್ಕೆ ಬಂದಾಗಲೇ ಮೀಟರ್ 0 ತಲುಪುತ್ತಿದ್ದರೆ ಅದೇ ಸುಳಿವು.

ರೆಕಾರ್ಡ್-ಪಾಸ್‌ನಲ್ಲಿ ಎಲ್ಲ ಸರಿ, ಟೇಪಿನಿಂದ ಬಂದಾಗ ಮಾತ್ರ ಒಡಕು ಅಂದರೆ ಮುಂದೆ ಓದಿ.

ಮೀಟರ್ ಎಲ್ಲಿದೆ, ಹೆಡ್ ಎಲ್ಲಿದೆ

ಕ್ಯಾಸೆಟ್ ಟೇಪ್ ಓಡುವುದು ಸೆಕೆಂಡಿಗೆ ಬರೀ 4.76 ಸೆಂಟಿಮೀಟರ್. ಈ ವೇಗದಲ್ಲಿ 315 ಹರ್ಟ್ಜ್‌ನ ಒಂದು ಅಲೆಗೆ ಟೇಪಿನ ಮೇಲೆ ಸುಮಾರು 151 ಮೈಕ್ರಾನ್ ಜಾಗ ಸಿಗುತ್ತದೆ. 10 ಕಿಲೋಹರ್ಟ್ಜ್‌ನ ಅಲೆಗೆ ಸಿಗುವುದು 4.76 ಮೈಕ್ರಾನ್ ಅಷ್ಟೇ. ಅಷ್ಟು ಇಕ್ಕಟ್ಟಿನಲ್ಲಿ ಅಕ್ಕಪಕ್ಕದ ಕಾಂತ ಧ್ರುವಗಳು ಒಂದನ್ನೊಂದು ಅಳಿಸುತ್ತವೆ, ಟ್ರೆಬಲ್ (ಎತ್ತರದ ಸ್ವರಗಳು) ಕುಗ್ಗುತ್ತದೆ. ಈ ನಷ್ಟ ತುಂಬಲು ಡೆಕ್ ರೆಕಾರ್ಡ್ ಮಾಡುವಾಗಲೇ ಟ್ರೆಬಲ್ಲನ್ನು ಎತ್ತಿ ಕಳಿಸುತ್ತದೆ.

ನಾನು ಸಿಕ್ಕಿಬಿದ್ದ ಹೆಜ್ಜೆ ಇಲ್ಲಿದೆ, ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ. ಸಿಗ್ನಲ್ ಹೋಗುವ ದಾರಿ ಹೀಗೆ: ಮೊದಲು ಲೆವೆಲ್ ಗುಂಡಿ, ಆಮೇಲೆ ಮೀಟರ್, ಅದಾದ ಮೇಲೆ ಟ್ರೆಬಲ್ ಎತ್ತುವ ಸರ್ಕ್ಯೂಟ್, ಕೊನೆಗೆ ಹೆಡ್, ಅಂದರೆ ಟೇಪಿನ ಮೇಲೆ ಬರೆಯುವ ಕಾಂತ. ಬಹಳಷ್ಟು ಡೆಕ್‌ಗಳಲ್ಲಿ ಇದೇ ಕ್ರಮ. ಅಂದರೆ ಮೀಟರ್ ನೋಡುವುದು ಎತ್ತುವ ಮುಂಚಿನ ಸಿಗ್ನಲ್. ಮೀಟರ್ 0 ಅನ್ನುತ್ತಿರುವಾಗ ಹೆಡ್‌ಗೆ ಹೋಗುವ ತಾಳದ ಕಿಣಿಕಿಣಿ, ಹಾಡುಗಾರರ 'ಸ' 'ಷ'ಗಳ ಸೀಟಿ ಅದಕ್ಕಿಂತ ಎಷ್ಟೋ ಮೇಲಿರಬಹುದು. ಮೀಟರ್ ಸುಳ್ಳು ಹೇಳುತ್ತಿಲ್ಲ. ಅದು ನಿಂತಿರುವ ಜಾಗದಿಂದ ಆ ಏರಿಕೆ ಕಾಣುವುದಿಲ್ಲ, ಅಷ್ಟೇ.

ಟೇಪ್ ತಯಾರಕರ ಡೇಟಾಶೀಟ್‌ನಲ್ಲೂ ಇದು ಕಾಣುತ್ತದೆ. ಅಲ್ಲಿ ಎರಡು ಮಿತಿಗಳಿರುತ್ತವೆ. ಒಂದು 315 ಹರ್ಟ್ಜ್‌ನಲ್ಲಿ, ಮೂರನೇ ಹಾರ್ಮೋನಿಕ್ (ಒಡಕಿನಿಂದ ಹುಟ್ಟುವ, ಮೂಲದ ಮೂರು ಪಟ್ಟು ಫ್ರೀಕ್ವೆನ್ಸಿಯ ಸ್ವರ) 3% ತಲುಪುವ ಲೆವೆಲ್. ಇನ್ನೊಂದು 10 ಕಿಲೋಹರ್ಟ್ಜ್‌ನಲ್ಲಿ, ಟೇಪ್ ಕೊಡಬಲ್ಲ ಗರಿಷ್ಠ ಲೆವೆಲ್. ಸಾಧಾರಣ ಫೆರಿಕ್ (ಕಬ್ಬಿಣದ ಆಕ್ಸೈಡ್ ಲೇಪದ) ಟೇಪಿನಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಸುಮಾರು 8ರಿಂದ 10 ಡಿಬಿ ಕೆಳಗಿರುತ್ತದೆ. ಮೆಟಲ್ ಟೇಪಿನಲ್ಲಿ ಈ ಅಂತರ ತುಂಬಾ ಕಡಿಮೆ. ಡೆಕ್‌ನ ಫ್ರೀಕ್ವೆನ್ಸಿ ರೆಸ್ಪಾನ್ಸನ್ನು (ಯಾವ ಸ್ವರ ಎಷ್ಟು ಜೋರಾಗಿ ಹೊರಬರುತ್ತದೆ ಎಂಬುದನ್ನು) −20 ಡಿಬಿಯಲ್ಲಿ ಅಳೆಯುವುದೂ ಇದಕ್ಕೇ. 0 ಡಿಬಿಯಲ್ಲಿ ಅಳೆದರೆ ಗ್ರಾಫ್ ಮೇಲ್ತುದಿಯಲ್ಲಿ ಕುಸಿಯುತ್ತದೆ.

ಒಡಕು ಯಾಕೆ ಅಷ್ಟು ಕೊಳಕಾಗಿ ಕೇಳುತ್ತದೆ ಎಂಬುದೂ ಇಲ್ಲೇ ತಿಳಿಯುತ್ತದೆ. 10 ಕಿಲೋಹರ್ಟ್ಜ್‌ನ ಮೂರನೇ ಹಾರ್ಮೋನಿಕ್ 30 ಕಿಲೋಹರ್ಟ್ಜ್, ಅದು ಕಿವಿಗೆ ಬೀಳುವುದೇ ಇಲ್ಲ. ಆದರೆ 9 ಮತ್ತು 10 ಒಟ್ಟಿಗೆ ಸ್ಯಾಚುರೇಟ್ ಆದರೆ (ಟೇಪ್ ಹಿಡಿಯಬಲ್ಲ ಮಿತಿ ಮೀರಿದರೆ) 8 ಮತ್ತು 11ರಲ್ಲಿ ಹೊಸ ಸ್ವರಗಳು ಹುಟ್ಟುತ್ತವೆ. ಹಾಡಿಗೆ ಸಂಬಂಧವೇ ಇಲ್ಲದ ಸ್ವರಗಳು. ಮರಳು ಉಜ್ಜಿದಂತೆ ಕೇಳುವುದು ಅವೇ.

ಹಾಗಾಗಿ ಕ್ಯಾಸೆಟ್‌ಗೆ ಬೇರೆಯೇ ಒಂದು ಮಾಸ್ಟರ್ (ಅಂತಿಮ ಪ್ರತಿ) ಮಾಡಿ. ನನಗೆ ಅತಿ ಇಷ್ಟವಾದ ಉಪಾಯ ಇದು. ಹಾಡಿನ ಟ್ರ್ಯಾಕ್‌ಗೆ ಡಿ-ಎಸ್ಸರ್ ('ಸ' 'ಷ'ಗಳ ಸೀಟಿ ತಗ್ಗಿಸುವ ಪ್ಲಗಿನ್) ಹಾಕಿ, 8 ಕಿಲೋಹರ್ಟ್ಜ್ ಮೇಲೆ 2-3 ಡಿಬಿ ಇಳಿಸಿ, 16ರ ಮೇಲಿನದನ್ನು ಕತ್ತರಿಸಿ. ಲಿಮಿಟರನ್ನು (ಜೋರು ತುದಿಗಳನ್ನು ಅದುಮುವ ಪ್ಲಗಿನ್) ಸಡಿಲಿಸಿ. ಆನ್‌ಲೈನ್‌ಗಾಗಿ ಒತ್ತಿ ಒತ್ತಿ ಜೋರು ಮಾಡಿದ ಮಿಕ್ಸ್ ಟೇಪಿಗೆ ಒಂದು ಕ್ಷಣವೂ ಬಿಡುವು ಕೊಡುವುದಿಲ್ಲ. ಆಮೇಲೆ ತಾಳ, ಸಕಾರ ಜಾಸ್ತಿ ಇರುವ 20 ಸೆಕೆಂಡಿನ ತುಣುಕನ್ನು ಆರಿಸಿಕೊಳ್ಳಿ. ಅದನ್ನೇ 0, −4, −8ಕ್ಕೆ ಮೀಟರ್ ಇಟ್ಟು ಸಾಲಾಗಿ ರೆಕಾರ್ಡ್ ಮಾಡಿ ಕೇಳಿ. ಒಡಕು ಯಾವ ಹಂತದಲ್ಲಿ ಮಾಯವಾಯಿತೋ ಆ ಟೇಪಿಗೆ ಅದೇ ನಿಮ್ಮ ಲೆವೆಲ್. ಬೇರೆ ಡೆಕ್‌ನವರ ಅಂಕಿಯನ್ನು ಸುಮ್ನೆ ನಕಲು ಮಾಡಬೇಡಿ. ಒಂದು ಡೆಕ್‌ನ ಮೀಟರ್ ತೋರಿಸುವ 0 ಅಂದರೆ ಟೇಪಿನ ಮೇಲೆ 160 nWb/m (ಕಾಂತ ಫ್ಲಕ್ಸಿನ ಅಳತೆ) ಆಗಿದ್ದರೆ ಇನ್ನೊಂದರದು 250 ಇರಬಹುದು. ಅಲ್ಲಿಗೇ ಸುಮಾರು 4 ಡಿಬಿ ವ್ಯತ್ಯಾಸ. ಮುಳ್ಳಿನ ವಿಯು ಮೀಟರ್ ಆದರೆ ಇನ್ನೂ ಎಚ್ಚರ ಬೇಕು. ಅದು ಸುಮಾರು 300 ಮಿಲಿಸೆಕೆಂಡಿನ ಸರಾಸರಿ ತೋರಿಸುತ್ತದೆ. ತಬಲಾದ ಪೆಟ್ಟು ಅಷ್ಟರಲ್ಲಿ ಮುಗಿದೇ ಹೋಗಿರುತ್ತದೆ.

ಬಯಾಸ್ ಮತ್ತು ಟೇಪಿನ ಜಾತಿ

ರೆಕಾರ್ಡ್ ಮಾಡುವಾಗ ಡೆಕ್ ಸಂಗೀತದ ಜೊತೆ ಸುಮಾರು 100 ಕಿಲೋಹರ್ಟ್ಜ್‌ನ ಬಯಾಸ್ ಕರೆಂಟನ್ನೂ (ಕಿವಿಗೆ ಕೇಳದ, ಸಂಗೀತ ಟೇಪಿನಲ್ಲಿ ಒಡೆಯದೆ ದಾಖಲಾಗಲು ನೆರವಾಗುವ ಕರೆಂಟ್) ಹೆಡ್‌ಗೆ ಕೊಡುತ್ತದೆ. ಬಯಾಸ್ ಕಡಿಮೆಯಾದರೆ ಟ್ರೆಬಲ್ ಚುಚ್ಚುತ್ತದೆ, ಕೆಳಗಿನ ಸ್ವರಗಳು ಒಡೆಯುತ್ತವೆ. ಜಾಸ್ತಿಯಾದರೆ ಟ್ರೆಬಲ್ ಮಂಕಾಗುತ್ತದೆ. ಫೆರಿಕ್‌ಗಿಂತ ಕ್ರೋಮ್‌ಗೆ ಹೆಚ್ಚು ಬಯಾಸ್ ಬೇಕು, ಮೆಟಲ್‌ಗೆ ಇನ್ನೂ ಹೆಚ್ಚು. ಕ್ಯಾಸೆಟ್ ಬೆನ್ನಿನ ಕಚ್ಚುಗಳನ್ನು ನೋಡಿ ಡೆಕ್ ಇದನ್ನು ತಾನೇ ಆರಿಸುತ್ತದೆ. ಹಳೆಯ ಡೆಕ್‌ಗಳಲ್ಲಿ ಸ್ವಿಚ್ ಇರುತ್ತದೆ. ಕ್ರೋಮ್ ಟೇಪ್ ಹಾಕಿ ಸ್ವಿಚ್ ನಾರ್ಮಲ್‌ನಲ್ಲೇ ಬಿಟ್ಟರೆ, ಲೆವೆಲ್ ಎಷ್ಟು ಇಳಿಸಿದರೂ ಫಲಿತಾಂಶ ಸರಿಯಾಗುವುದಿಲ್ಲ.

ಡಾಲ್ಬಿ ಎಚ್ಎಕ್ಸ್ ಪ್ರೊ ಇರುವ ಡೆಕ್ ಸಿಕ್ಕರೆ ಬಿಡಬೇಡಿ. ಸಂಗೀತದ ಜೋರು ಟ್ರೆಬಲ್ ತಾನೇ ಬಯಾಸ್‌ನಂತೆ ಕೆಲಸ ಮಾಡುತ್ತದೆ. ಎಚ್ಎಕ್ಸ್ ಪ್ರೊ ಆ ಹೊತ್ತಿಗೆ ಡೆಕ್‌ನ ಬಯಾಸನ್ನು ಅಷ್ಟೇ ತಗ್ಗಿಸಿ, ಒಟ್ಟು ಬಯಾಸ್ ಒಂದೇ ಮಟ್ಟದಲ್ಲಿ ಇರುವಂತೆ ನೋಡಿಕೊಳ್ಳುತ್ತದೆ. ಇದು ಟೇಪಿನ ಹಿಸ್ ತಗ್ಗಿಸುವ ಡಾಲ್ಬಿ ಬಿ, ಸಿಗಳಂತೆ ಅಲ್ಲ, ಪ್ಲೇ ಮಾಡುವ ಡೆಕ್‌ನಲ್ಲಿ ಏನೂ ಬೇಕಾಗಿಲ್ಲ.

ಹೆಡ್ ಕೊಳೆಯಾಗಿದ್ದರೆ ಧ್ವನಿ ಮಂಕಾಗುತ್ತದೆ, ಒಂದು ಚಾನೆಲ್ ಆಗಾಗ ಬಿದ್ದುಹೋಗುತ್ತದೆ. ಮೇಲಿನ ಪರೀಕ್ಷೆಗಳಿಗೆ ಮೊದಲೇ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಒಣಗಿದ ಮೇಲೆ ಟೇಪ್ ಹಾಕಿ.