ರಾತ್ರಿ ಒಂಬತ್ತಕ್ಕೆ ಮನೆ ಸೇರುವವರು ಹೊರಗಿನ ಊಟ ಬಿಡುವುದು ಹೇಗೆ?

ಪ್ರಶ್ನೆ: ಅಕ್ಕಾ, ನಾನು ಗದಗ ಕಡೆಯವನು. ಮಾರತ್‌ಹಳ್ಳಿಯಲ್ಲಿ ಗೆಳೆಯನ ಜೊತೆ ಬಾಡಿಗೆ ಮನೆಯಲ್ಲಿದ್ದೇನೆ. ಕೆಲಸ ಮುಗಿಸಿ ಮನೆ ಸೇರುವಾಗ ರಾತ್ರಿ ಒಂಬತ್ತಾಗುತ್ತದೆ. ಗ್ಯಾಸ್ ಇದೆ, ಕುಕ್ಕರ್ ಇದೆ, ಅವ್ವ ಕಟ್ಟಿ ಕಳಿಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯೂ ಇವೆ. ಆದರೂ ಕೈ ಫೋನಿನ ಕಡೆಗೇ ಹೋಗುತ್ತದೆ. ಪ್ರತಿ ತಿಂಗಳು ಒಂದನೇ ತಾರೀಕು ಹೊರಗಿನ ಊಟ ಬಿಡಬೇಕು ಅಂದುಕೊಳ್ಳುತ್ತೇನೆ, ಐದನೇ ತಾರೀಕಿನ ಹೊತ್ತಿಗೆ ಮತ್ತೆ ಶುರುವಾಗಿರುತ್ತದೆ. ಬಿಡುವುದು ಹೇಗೆ?

ಉತ್ತರ: ಮಾರತ್‌ಹಳ್ಳಿಯ ಬದಲು ಯಶವಂತಪುರ, ಗದಗದ ಬದಲು ಹಾಸನ ಎಂದು ಓದಿಕೊಂಡರೆ ಇದೇ ಪ್ರಶ್ನೆಯನ್ನು ನನಗೆ ಎಷ್ಟೋ ಜನ ಕೇಳಿದ್ದಾರೆ. ಎಲ್ಲರೂ ತಮ್ಮನ್ನೇ ಬೈದುಕೊಳ್ಳುತ್ತಾರೆ. ಮೊದಲು ಅದನ್ನು ನಿಲ್ಲಿಸಿ. ಹಸಿದು, ಔಟರ್ ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ಬಳಲಿ ಬಂದವರ ಮುಂದೆ ಖಾಲಿ ಅಡುಗೆಮನೆ ಇದ್ದರೆ ಯಾರೇ ಆದರೂ ಫೋನ್ ತೆಗೆಯುತ್ತಾರೆ. ರಾತ್ರಿ ಒಂಬತ್ತಕ್ಕೆ ನೀವು ಏನು ನಿರ್ಧರಿಸುತ್ತೀರಿ ಅನ್ನುವುದಕ್ಕಿಂತ, ಆ ಹೊತ್ತಿಗೆ ಮನೆಯಲ್ಲಿ ಏನು ಅರ್ಧ ತಯಾರಾಗಿ ಕೂತಿದೆ ಅನ್ನುವುದೇ ಮುಖ್ಯ. ನಮ್ಮ ಹಳೆಯ ಅಡುಗೆಮನೆಗಳು ನಡೆದದ್ದು ಹಾಗೆ. ಡಬ್ಬಿಯಲ್ಲಿ ಸಾರಿನ ಪುಡಿ, ಜಾಡಿಯಲ್ಲಿ ಉಪ್ಪಿನಕಾಯಿ, ಗಡಿಗೆಯಲ್ಲಿ ಮೊಸರು, ನೆನೆದ ಕಾಳು, ಹುದುಗಿದ ಹಿಟ್ಟು. ಹೊತ್ತು ಮೀರಿ ನೆಂಟರು ಬಂದರೂ ಅರ್ಧ ಗಂಟೆಯಲ್ಲಿ ಎಲೆ ಹಾಕುತ್ತಿದ್ದರು. ಅದು ಕೈಚಳಕಕ್ಕಿಂತ ಹೆಚ್ಚಾಗಿ ಮುಂಚಿನ ತಯಾರಿ.

ಇನ್ನೊಂದು ಮಾತು. ಬೆಂಗಳೂರಿನಲ್ಲಿ ಹೊರಗೆ ತಿನ್ನುವುದು ತಪ್ಪೇನಲ್ಲ. ಬೇರೆ ಬೇರೆ ಊರುಗಳಿಂದ ಒಂಟಿಯಾಗಿ ಬಂದವರನ್ನು ಸಾಕಿದ್ದೇ ಇಲ್ಲಿನ ಹೋಟೆಲುಗಳು. ಎಂಟಿಆರ್ 1924ರಲ್ಲಿ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಶುರುವಾದವು. ನಿಂತು ತಿನ್ನುವ ದರ್ಶಿನಿಗಳ ಕಾಲ ಜಯನಗರದಲ್ಲಿ 1983ರಲ್ಲಿ ಆರಂಭವಾಯಿತು. ಭಾನುವಾರ ಬೆಳಿಗ್ಗೆ ಹೋಗಿ ಮಸಾಲೆ ದೋಸೆ ತಿಂದು ಕಾಫಿ ಕುಡಿಯುವುದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ನಿಮ್ಮನ್ನು ಕಾಡುತ್ತಿರುವುದು ವಾರದ ಐದು ರಾತ್ರಿ. ಆ ಐದನ್ನೂ ಒಟ್ಟಿಗೆ ಹಿಡಿಯಬೇಡಿ, ಮೊದಲು ಮೂರು ಹಿಡಿಯಿರಿ. ಒಂದನೇ ತಾರೀಕಿನ ನಿರ್ಧಾರ ಐದಕ್ಕೆ ಮುರಿಯುವುದು ಅದು ತಿಂಗಳಿಡೀ, ಮೂರು ಹೊತ್ತೂ ಎಂದು ಹೊರಟದ್ದರಿಂದ.

ಹಾಗಾದರೆ ಏನು ಮಾಡುವುದು? ಹೋಟೆಲಿನಲ್ಲಿ ಸಿಗುವುದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಹೊಸದಾಗಿ ಅಡುಗೆಗೆ ಇಳಿದವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲಿಯೇ. ಮೊದಲ ದಿನವೇ ಪನೀರ್ ಗ್ರೇವಿ, ಬಿರಿಯಾನಿ, ಗರಿಗರಿ ಬೆಣ್ಣೆ ದೋಸೆ. ಹೋಟೆಲಿನ ದೋಸೆಕಲ್ಲು ದಪ್ಪ ಕಬ್ಬಿಣದ್ದು, ಬೆಳಗಿನಿಂದ ಕಾದಿರುತ್ತದೆ. ತಣ್ಣನೆಯ ಹಿಟ್ಟು ಬಿದ್ದರೂ ಅದರ ಬಿಸಿ ಇಳಿಯುವುದಿಲ್ಲ. ನಿಮ್ಮ ತೆಳು ಕಾವಲಿಯ ಮೇಲೆ ಆ ಬಣ್ಣ, ಆ ಗರಿ ಬರುವುದು ಕಷ್ಟ. ಬರದಿದ್ದಾಗ ನನಗೆ ಅಡುಗೆ ಬರುವುದಿಲ್ಲ ಎಂಬ ತೀರ್ಮಾನಕ್ಕೆ ಬಂದುಬಿಡುತ್ತೀರಿ. ಅದರ ಬದಲು ಹೋಟೆಲಿನಲ್ಲಿ ಸುಲಭವಾಗಿ ಸಿಗದ್ದನ್ನು ಮಾಡಿ. ಬಿಸಿ ಅನ್ನಕ್ಕೆ ಆಗಷ್ಟೇ ಒಗ್ಗರಣೆ ಬಿದ್ದ ತಿಳಿಸಾರು, ಮಸೊಪ್ಪು, ಉಪ್ಪುಸಾರು, ಹೆಸರುಕಾಳಿನ ಪಲ್ಯ, ತಂಬುಳಿ. ನಿಮ್ಮ ಕಡೆಯ ಝುಣಕ, ಪುಂಡಿಪಲ್ಯ. ಇವನ್ನು ಮಾಡಿದಾಗ ಹೋಲಿಸಿ ನೋಡಲು ಎದುರಿಗೆ ಹೋಟೆಲ್ ಇರುವುದಿಲ್ಲ, ಅವ್ವನ ಕೈರುಚಿ ಮಾತ್ರ ಇರುತ್ತದೆ. ಅದರ ಹತ್ತಿರ ಹೋಗಲು ವರ್ಷಗಳೇ ಹಿಡಿದರೂ ದಾರಿಯಲ್ಲಿ ಹೊಟ್ಟೆ ತುಂಬುತ್ತಿರುತ್ತದೆ.

ಒಂದು ರಾತ್ರಿಯ ಲೆಕ್ಕ ಹೇಳುತ್ತೇನೆ. ಒಂಬತ್ತಕ್ಕೆ ಒಳಗೆ ಬಂದಿರಿ. ಚಪ್ಪಲಿ ಬಿಟ್ಟು ಕೈತೊಳೆದು ನೇರ ಅಡುಗೆಮನೆಗೆ ಹೋಗಿ. ಕುರ್ಚಿಯ ಮೇಲೆ ಕೂತರೆ ಏಳುವುದಿಲ್ಲ, ಇದು ನನ್ನ ಅನುಭವ. ಕುಕ್ಕರಿನ ಕೆಳಗಿನ ಡಬ್ಬಿಗೆ ತೊಳೆದ ಎರಡು ಹಿಡಿ ತೊಗರಿಬೇಳೆ, ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ, ನೀರು. ಮೇಲಿನ ಡಬ್ಬಿಗೆ ಇಬ್ಬರಿಗೆ ಸಾಲುವಷ್ಟು, ಸುಮಾರು ಇನ್ನೂರು ಗ್ರಾಂ ಸೋನಾ ಮಸೂರಿ, ಎರಡೂವರೆ ಪಟ್ಟು ನೀರು. ನಾಲ್ಕು ಕೂಗು ಕೂಗಿಸಿ ಆರಿಸಿ. ಅಷ್ಟರಲ್ಲಿ ಒಬ್ಬರು ಸ್ನಾನ ಮುಗಿಸಬಹುದು. ಕುಕ್ಕರ್ ತಾನಾಗಿ ಇಳಿಯುವ ಹತ್ತು ನಿಮಿಷದಲ್ಲಿ ಇನ್ನೊಂದು ಪಾತ್ರೆಗೆ ಹೆಚ್ಚಿದ ಟೊಮೆಟೊ, ಹುಣಸೆರಸ, ಉಪ್ಪು, ಒಂದು ಚೂರು ಬೆಲ್ಲ, ಸಾರಿನ ಪುಡಿ ಹಾಕಿ ಕುದಿಸಿ. ಬೆಂದ ಬೇಳೆ ಮಸೆದು ಸೇರಿಸಿ ಇನ್ನೊಂದು ಕುದಿ ಬರಿಸಿ. ತುಪ್ಪದಲ್ಲಿ ಸಾಸಿವೆ, ಜೀರಿಗೆ, ಇಂಗು, ಕರಿಬೇವಿನ ಒಗ್ಗರಣೆ. ಒಂಬತ್ತೂವರೆಯ ಹೊತ್ತಿಗೆ ತಟ್ಟೆಯ ಮುಂದೆ ಕೂತಿರುತ್ತೀರಿ. ಆರ್ಡರ್ ಮಾಡಿದ್ದರೆ ಆ ಹೊತ್ತಿಗೆ ಡೆಲಿವರಿ ಹುಡುಗ ಯಾವುದೋ ಸಿಗ್ನಲ್‌ನಲ್ಲಿ ನಿಂತಿರುತ್ತಿದ್ದ.

ಎಷ್ಟು ಬೇಯಿಸಿದರೂ ಬೇಳೆ ಕರಗುವುದೇ ಇಲ್ಲ ಎಂದು ಮಾರತ್‌ಹಳ್ಳಿ ಕಡೆಯ ಬಡಾವಣೆಗಳವರು ಹೇಳುತ್ತಾರೆ. ಅದಕ್ಕೆ ಕಾರಣಗಳಿವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ಮುಟ್ಟುವುದೇ ಇಲ್ಲ, 97ರ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರಿನೊಳಗೆ ಒತ್ತಡದಿಂದ ಅದು 120ರ ಹತ್ತಿರ ಹೋಗುತ್ತದೆ. ಹಾಗಾಗಿ ಈ ಊರಿನಲ್ಲಿ ಬೇಳೆಗೆ ಕುಕ್ಕರೇ ಬೇಕು. ಎರಡನೆಯದು ನೀರು. ಬೋರ್‌ವೆಲ್, ಟ್ಯಾಂಕರಿನ ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಬೇಳೆ ಬೇಯಿಸಲು ಕುಡಿಯುವ ನೀರನ್ನೇ ಬಳಸಿ, ಸಾಧ್ಯವಾದರೆ ಅರ್ಧ ಗಂಟೆ ನೆನೆಸಿ. ಮೂರನೆಯದು ಹುಳಿ. ಹುಣಸೆ, ಟೊಮೆಟೊ ಮೊದಲೇ ಬಿದ್ದರೆ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ, ಅವು ಬೇಳೆ ಬೆಂದ ಮೇಲೆ ಸೇರಬೇಕು. ಇಷ್ಟು ಗೊತ್ತಿಲ್ಲದೆ ಎಷ್ಟೋ ಜನ ಅಡುಗೆಯನ್ನೇ ಕೈಬಿಟ್ಟಿದ್ದಾರೆ.

ಭಾನುವಾರ ಒಂದು ಗಂಟೆ ಕೊಡಿ. ಇಡೀ ವಾರದ ಅಡುಗೆಯನ್ನು ಅಂದೇ ಮಾಡಿ ಡಬ್ಬಿಗಳಿಗೆ ತುಂಬಿಡುವ ಪದ್ಧತಿ ಈಗ ಚಾಲ್ತಿಯಲ್ಲಿದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಗುರುವಾರ ಫ್ರಿಜ್ಜಿನಿಂದ ನಾಲ್ಕು ದಿನದ ಹುಳಿ ತೆಗೆದು ಬಿಸಿ ಮಾಡುವಾಗ ಯಾರಿಗೂ ಉತ್ಸಾಹ ಇರುವುದಿಲ್ಲ, ಮತ್ತೆ ಫೋನೇ ಗತಿ. ಅಡುಗೆ ಬೇಡ, ಅಡುಗೆಯ ಮುಂಚಿನ ಬೇಸರದ ಕೆಲಸಗಳನ್ನು ಮುಗಿಸಿಡಿ. ಹುಣಸೆ ಕಿವುಚಿ ಗಟ್ಟಿರಸ ತೆಗೆದು ಸೀಸೆಗೆ ಹಾಕಿ ಫ್ರಿಜ್ಜಿನಲ್ಲಿಡಿ. ಒಂದು ತೆಂಗಿನಕಾಯಿ ತುರಿದು ಫ್ರೀಜರಿಗೆ. ಹೆಸರುಕಾಳು ಇಲ್ಲವೇ ಮಡಕೆಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿ. ಹಸಿಮೆಣಸಿನಕಾಯಿಯ ತೊಟ್ಟು ತೆಗೆದು ಒರೆಸಿಡಿ. ದೋಸೆಹಿಟ್ಟಿಗೆ ಒಂದು ಪಾಲು ಉದ್ದಿಗೆ ಮೂರು ಪಾಲು ಅಕ್ಕಿ, ಒಂದು ಚಮಚ ಮೆಂತ್ಯ. ಡಿಸೆಂಬರ್, ಜನವರಿಯ ಚಳಿಯಲ್ಲಿ ಇಲ್ಲಿ ಹಿಟ್ಟು ಒಂದೇ ರಾತ್ರಿಗೆ ಉಬ್ಬುವುದಿಲ್ಲ. ಪಾತ್ರೆಗೆ ಹಳೆಯ ಉಣ್ಣೆ ಶಾಲು ಸುತ್ತಿ ಮರುದಿನ ಮಧ್ಯಾಹ್ನದವರೆಗೂ ಬಿಡಿ. ರುಬ್ಬಲು ಆಗದಿದ್ದರೆ ಅಂಗಡಿಯ ಹಿಟ್ಟನ್ನೇ ತನ್ನಿ. ಸಾರಿನ ಪುಡಿಯನ್ನೂ ಕೊಂಡು ತರಬಹುದು, ಅದರಲ್ಲಿ ಸಂಕೋಚ ಬೇಡ. 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲಿನ ತಿಂಡಿಗಳಿಗೆ ಸರ್ಕಾರ ಕಡಿಮೆ ದರ ಕಟ್ಟಿದಾಗ ಎಂಟಿಆರ್‌ನವರು ಪುಡಿ, ಮಿಕ್ಸುಗಳ ಮಾರಾಟದ ಕಡೆ ತಿರುಗಿದರು. ಅಂದಿನಿಂದ ಈ ಊರಿನ ಎಷ್ಟೋ ಮನೆಗಳ ಸಾರು ಪ್ಯಾಕೆಟ್ಟಿನ ಪುಡಿಯದೇ.

ತರಕಾರಿಯ ವಿಷಯದಲ್ಲಿ ಹೊಸಬರು ಮಾಡುವ ತಪ್ಪೆಂದರೆ ಮಡಿವಾಳ ಮಾರ್ಕೆಟ್ಟಿಗೋ ಕೆ.ಆರ್. ಮಾರ್ಕೆಟ್ಟಿಗೋ ಹೋಗಿ ಅಗ್ಗವೆಂದು ಎರಡು ಚೀಲ ತುಂಬಿ ತರುವುದು. ಶುಕ್ರವಾರದ ಹೊತ್ತಿಗೆ ಅರ್ಧ ಕೊಳೆತಿರುತ್ತದೆ, ಮನಸ್ಸೂ ಕೆಡುತ್ತದೆ. ಹತ್ತಿರದ ಹಾಪ್‌ಕಾಮ್ಸ್‌ನಿಂದಲೋ ತಳ್ಳುಗಾಡಿಯವರಿಂದಲೋ ವಾರಕ್ಕೆ ಎರಡು ಸಲ, ಮೂರೇ ಬಗೆ ತನ್ನಿ. ಸೊಪ್ಪು ತಂದರೆ ಅಂದೇ ಅಥವಾ ಮರುದಿನವೇ ಮಾಡಬೇಕು. ವಾರವಿಡೀ ತಡೆಯುವುದು ಸೀಮೆಬದನೆ, ನವಿಲುಕೋಸು, ಕುಂಬಳ. ತೆಲುಗಿನವರು, ತಮಿಳಿನವರು ಸೀಮೆಬದನೆಗೆ ಬೆಂಗಳೂರಿನ ಹೆಸರನ್ನೇ ಸೇರಿಸಿ ಬೆಂಗಳೂರು ಬದನೆ ಎಂದು ಕರೆಯುತ್ತಾರೆ. ಈ ಊರಿನ ಹೆಸರು ಹೊತ್ತ ತರಕಾರಿಯನ್ನು ಇಲ್ಲಿನ ಹುಡುಗರೇ ಮೂಸುವುದಿಲ್ಲ ಎಂಬುದು ನನ್ನ ಸಂಕಟ. ಹೆಸರುಬೇಳೆ, ತೆಂಗಿನತುರಿ ಹಾಕಿ ಒಮ್ಮೆ ಪಲ್ಯ ಮಾಡಿ ನೋಡಿ. ಚಳಿಗಾಲವಾದರೆ ಅವರೆಕಾಳು ಇದೆ. ಸಿಪ್ಪೆ ತೆಗೆದ ಹಿತಕವರೆಯನ್ನೇ ಮಾರುತ್ತಾರೆ, ಬಿಡಿಸುವ ಕೆಲಸವೂ ಇಲ್ಲ.

ಫೋನಿನ ಬಗ್ಗೆ ಹೆಚ್ಚೇನಿಲ್ಲ. ಆ್ಯಪಿನ ನೋಟಿಫಿಕೇಶನ್ ನಿಲ್ಲಿಸಿ, ಉಳಿಸಿಟ್ಟ ಕಾರ್ಡಿನ ವಿವರ ತೆಗೆದುಹಾಕಿ. ಪ್ರತಿ ಸಲವೂ ನಂಬರು ಒತ್ತಬೇಕಾದರೆ ಕೈ ಒಂದು ಕ್ಷಣ ತಡೆಯುತ್ತದೆ. ಒಮ್ಮೆ ಒಂದು ಬಿಲ್ಲನ್ನು ಕೂತು ಓದಿ. ಊಟದ ಬೆಲೆ, ಪ್ಯಾಕಿಂಗ್, ಡೆಲಿವರಿ, ಪ್ಲಾಟ್‌ಫಾರ್ಮ್ ಶುಲ್ಕ, ಅದರ ಮೇಲೆ ತೆರಿಗೆ. ಅದೇ ಹೋಟೆಲಿಗೆ ನಡೆದು ಹೋದರೆ ಎಷ್ಟಾಗುತ್ತದೆ ಎಂದು ಪಕ್ಕದಲ್ಲಿ ಬರೆದುಕೊಳ್ಳಿ.

ಫೋನಿಗಿಂತ ದೊಡ್ಡದು ಸಂಜೆ ಆರೂವರೆಯ ಹಸಿವು. ಮಧ್ಯಾಹ್ನ ಒಂದಕ್ಕೆ ಉಂಡವರು ರಾತ್ರಿ ಒಂಬತ್ತರವರೆಗೆ ಬರೀ ಕಾಫಿಯಲ್ಲಿ ಇದ್ದರೆ ಮನೆ ಸೇರುವಾಗ ಅಕ್ಕಿ ಬೇಯುವಷ್ಟೂ ತಾಳ್ಮೆ ಉಳಿದಿರುವುದಿಲ್ಲ. ಕಚೇರಿಯ ಡ್ರಾಯರಿನಲ್ಲಿ ಹುರಿಗಡಲೆ, ಶೇಂಗಾ ಇಡಿ, ಒಂದು ಬಾಳೆಹಣ್ಣು ಇರಲಿ. ಹೊರಡುವ ಮುಂಚೆ ತಿನ್ನಿ. ನನಗೆ ತಿಳಿದಂತೆ ಇದೊಂದೇ ಬದಲಾವಣೆಯಿಂದ ಅರ್ಧದಷ್ಟು ಆರ್ಡರ್ ನಿಲ್ಲಿಸಿದವರಿದ್ದಾರೆ.

ರಾತ್ರಿ ಅನ್ನ ಸ್ವಲ್ಪ ಹೆಚ್ಚಾಗಿ ಮಾಡಿದರೆ ಬೆಳಿಗ್ಗೆ ಚಿತ್ರಾನ್ನಕ್ಕಾಗುತ್ತದೆ. ಆದರೆ ಅದನ್ನು ಕುಕ್ಕರಿನಲ್ಲೇ ಬೆಳಗಿನವರೆಗೆ ಬಿಡಬೇಡಿ. ಬೇಯಿಸಿದರೂ ಸಾಯದ ಕೆಲವು ಬ್ಯಾಕ್ಟೀರಿಯಾ ಬೆಚ್ಚಗಿನ ಅನ್ನದಲ್ಲಿ ಬೆಳೆಯುತ್ತವೆ. ಅವು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಊಟ ಮುಗಿದ ಕೂಡಲೇ ಅಗಲ ಪಾತ್ರೆಯಲ್ಲಿ ಹರವಿ, ಆರಿಸಿ, ಫ್ರಿಜ್ಜಿಗೆ ಹಾಕಿ. ಏನೂ ಬೇಯಿಸಲು ಆಗದ ರಾತ್ರಿಗೆ ಅವಲಕ್ಕಿ ಇದೆ. ಮೊಸರು, ಉಪ್ಪು, ಹಸಿಮೆಣಸಿನಕಾಯಿ ಬೆರೆಸಿ ಹತ್ತು ನಿಮಿಷ ಬಿಟ್ಟರೆ ಊಟ. ಒಲೆಗೆ ಅವಕಾಶವಿಲ್ಲದ ಪಿಜಿಯಲ್ಲಿರುವವರಿಗೂ ಇದು ಆಗುತ್ತದೆ. ಆರ್ಡರ್ ಮಾಡಲೇಬೇಕು ಅನ್ನಿಸಿದರೆ ಪಲ್ಯ ಮಾತ್ರ ತರಿಸಿ, ಅನ್ನ ಮನೆಯಲ್ಲಿ ಇಡಿ. ಒಲೆ ಹಚ್ಚಿದ ದಿನ ಎಂದು ಅದೂ ಲೆಕ್ಕಕ್ಕೆ ಬರಲಿ.

ಈ ಪ್ರಶ್ನೆ ಕೇಳುವವರಲ್ಲಿ ಮದುವೆಯಾದವರೂ ಇದ್ದಾರೆ, ಅವರಿಗೆ ಒಂದು ಮಾತು ಹೇಳಲೇಬೇಕು. ನಾಳೆಯಿಂದ ಹೊರಗಿನ ಊಟ ಬೇಡ ಎಂದು ಗಂಡ ತೀರ್ಮಾನಿಸಿ, ತನ್ನಷ್ಟೇ ದಣಿದು ಬಂದ ಹೆಂಡತಿ ಒಬ್ಬಳೇ ಒಲೆಯ ಮುಂದೆ ನಿಲ್ಲುವಂತಾದರೆ ಅದಕ್ಕಿಂತ ಹೋಟೆಲ್ ಊಟವೇ ವಾಸಿ. ಅಡುಗೆ ಎಂದರೆ ಒಗ್ಗರಣೆ ಹಾಕುವುದಷ್ಟೇ ಅಲ್ಲ. ನಾಳೆಗೇನು ಎಂದು ಯೋಚಿಸುವುದು, ಉಪ್ಪು ಮುಗಿದದ್ದು ನೆನಪಿಡುವುದು, ಕುಕ್ಕರ್ ತೊಳೆಯುವುದು ಎಲ್ಲ ಸೇರಿದ ಕೆಲಸ ಅದು. ಒಬ್ಬರು ಅಡುಗೆ, ಇನ್ನೊಬ್ಬರು ಪಾತ್ರೆ ಮತ್ತು ಸಾಮಾನು. ವಾರಕ್ಕೊಮ್ಮೆ ಅದಲುಬದಲು. ನೀವಿಬ್ಬರು ಗೆಳೆಯರೂ ಹೀಗೇ ಹಂಚಿಕೊಳ್ಳಿ. ಸಿಂಕಿನಲ್ಲಿ ನಿನ್ನೆಯ ಪಾತ್ರೆ ಬಿದ್ದಿರುವ ಮನೆಯಲ್ಲಿ ಯಾರಿಗೂ ಅಡುಗೆಯ ಮನಸ್ಸು ಬರುವುದಿಲ್ಲ, ಮಲಗುವ ಮುಂಚೆ ಸಿಂಕು ಖಾಲಿಯಾಗಲಿ.

ಇವತ್ತಿನ ರಾತ್ರಿಯ ಮಟ್ಟಿಗೆ ಇಷ್ಟು ಮಾಡಿ. ಮನೆಗೆ ಬರುವಾಗ ಒಂದು ಪ್ಯಾಕೆಟ್ ನಂದಿನಿ ಮೊಸರು, ಎರಡು ಈರುಳ್ಳಿ, ಒಂದು ಸೌತೆಕಾಯಿ ತನ್ನಿ. ಅವ್ವ ಕಳಿಸಿದ ಡಬ್ಬಿ ಇಳಿಸಿ. ಶೇಂಗಾ ಚಟ್ನಿ ಮೂಸಿ ನೋಡಿ. ತಿಂಗಳುಗಟ್ಟಲೆ ಇದ್ದು ಎಣ್ಣೆ ಕಮಟಾಗಿದ್ದರೆ ಬಿಟ್ಟುಬಿಡಿ, ಇಲ್ಲವಾದರೆ ಮೊಸರಿನಲ್ಲಿ ಕಲಸಿ. ಖಡಕ್ ರೊಟ್ಟಿಯ ಎರಡೂ ಕಡೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಐದು ನಿಮಿಷ ಸುತ್ತಿಟ್ಟರೆ ಮೆತ್ತಗಾಗುತ್ತದೆ. ಮುರಿದು ತಿನ್ನುವುದೇ ಇಷ್ಟವಾದರೆ ಹಾಗೇ ಇರಲಿ. ಡಬ್ಬಿ ಖಾಲಿಯಾಗುತ್ತ ಬಂದಾಗ ಅವ್ವನಿಗೆ ಫೋನ್ ಮಾಡಿ ಇನ್ನಷ್ಟು ಕಳಿಸಲು ಹೇಳಿ, ಝುಣಕಕ್ಕೆ ಎಷ್ಟು ಹಿಟ್ಟಿಗೆ ಎಷ್ಟು ನೀರು ಎಂದೂ ಆಗಲೇ ಕೇಳಿಕೊಳ್ಳಿ.