ಕೆಲಸದ ಪಟ್ಟಿಗೂ ಹೊತ್ತುಗೊತ್ತು ಬೇಕು

ಆಫೀಸಿನಿಂದ ಬರುವಾಗ ಅಪ್ಪನ ಬಿ.ಪಿ. ಮಾತ್ರೆ ತರಬೇಕಿರುತ್ತದೆ. ಮೆಡಿಕಲ್ ಶಾಪಿನ ಮುಂದೆಯೇ ಗಾಡಿ ಓಡಿಸಿಕೊಂಡು ಬಂದಿರುತ್ತೇವೆ. ನೆನಪಾಗುವುದು ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ. ಇದನ್ನು ಮರೆವು ಎನ್ನುತ್ತೇವೆ. ಆದರೆ ಮಧ್ಯಾಹ್ನ ಯಾರಾದರೂ ಕೇಳಿದ್ದರೆ ಮಾತ್ರೆಯ ಹೆಸರು ಸಮೇತ ಹೇಳುತ್ತಿದ್ದೆವು, ಅಲ್ವಾ? ವಿಷಯ ತಲೆಯಲ್ಲೇ ಇತ್ತು. ಬರಬೇಕಾದ ಹೊತ್ತಿಗೆ ಮೇಲೆ ಬರಲಿಲ್ಲ, ಅಷ್ಟೇ.

ಮುಂದೆ ಮಾಡಬೇಕಾದ ಕೆಲಸದ ನೆನಪನ್ನು ಮನೋವಿಜ್ಞಾನಿಗಳು ಬೇರೆಯಾಗಿಯೇ ಅಧ್ಯಯನ ಮಾಡುತ್ತಾರೆ. 1990ರಲ್ಲಿ ಗಿಲ್ಸ್ ಐನ್‌ಸ್ಟೈನ್ ಮತ್ತು ಮಾರ್ಕ್ ಮೆಕ್‌ಡೇನಿಯಲ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಇದನ್ನು ಪ್ರಯೋಗಾಲಯದಲ್ಲಿ ಅಳೆಯುವ ದಾರಿ ತೋರಿಸಿದರು. ಇದರಲ್ಲಿ ಎರಡು ಬಗೆ. ಏನನ್ನೋ ಕಂಡಾಗ ನೆನಪಾಗಬೇಕಾದದ್ದು ಒಂದು, ಇಂಥ ಗಂಟೆಗೆ ನೆನಪಾಗಬೇಕಾದದ್ದು ಇನ್ನೊಂದು. ಎರಡನೆಯದು ಕಷ್ಟ. ಸಂಜೆ ನಾಲ್ಕಾಯಿತು ಎಂದು ಹೇಳುವಂಥದ್ದು ಕಣ್ಣ ಮುಂದೆ ಏನೂ ಇರುವುದಿಲ್ಲ. ನಾವೇ ಆಗಾಗ ಗಡಿಯಾರ ನೋಡುತ್ತಿರಬೇಕು.

ಗೂಗಲ್ ಟಾಸ್ಕ್ಸ್, ಮೈಕ್ರೋಸಾಫ್ಟ್ ಟು ಡೂ ತರಹದ ಆ್ಯಪ್‌ಗಳಿಂದ ನಿಜವಾದ ಉಪಕಾರ ಆಗುವುದು ಇಲ್ಲೇ. ಪಟ್ಟಿ ಬರೆಯಲು ಹಳೆ ಡೈರಿ ಸಾಕು. ಸರಿಯಾದ ಹೊತ್ತಿಗೆ ಎದುರಿಗೆ ಬಂದು ನಿಲ್ಲುವುದು ಡೈರಿಗೆ ಆಗದ ಕೆಲಸ. ಹಾಗಿದ್ದೂ ಬಹಳ ಜನ ಆ್ಯಪನ್ನು ಡೈರಿಯ ಹಾಗೇ ಬಳಸುತ್ತಾರೆ. ಹೊತ್ತಿಲ್ಲ, ಜಾಗವಿಲ್ಲ, ಉದ್ದದ ಪಟ್ಟಿ ಮಾತ್ರ ಬೆಳೆಯುತ್ತಾ ಹೋಗುತ್ತದೆ.

ಮುಗಿಯದ ಕೆಲಸ ತಲೆಯನ್ನು ಕೊರೆಯುತ್ತದೆ ಎಂಬುದು ಹಳೆಯ ವಿಚಾರ. 1927ರಲ್ಲಿ ಬರ್ಲಿನ್‌ನಲ್ಲಿ ಮನೋವಿಜ್ಞಾನಿ ಕರ್ಟ್ ಲೆವಿನ್ ಅವರ ವಿದ್ಯಾರ್ಥಿನಿ ಬ್ಲೂಮಾ ಜೈಗಾರ್ನಿಕ್ ಒಂದು ಪ್ರಯೋಗ ಪ್ರಕಟಿಸಿದರು. ಜನರಿಗೆ ಒಗಟು ಬಿಡಿಸುವಂಥ ಸಣ್ಣಪುಟ್ಟ ಕೆಲಸ ಕೊಟ್ಟು, ಅರ್ಧದಷ್ಟನ್ನು ನಡುವೆಯೇ ನಿಲ್ಲಿಸಿದರು. ಅರ್ಧಕ್ಕೆ ನಿಂತ ಕೆಲಸಗಳೇ ಅವರಿಗೆ ಜಾಸ್ತಿ ನೆನಪಿದ್ದವು. ಆಮೇಲೆ ಬೇರೆಯವರು ಮಾಡಿದಾಗ ಪ್ರತಿ ಸಲ ಇದೇ ಫಲಿತಾಂಶ ಬರಲಿಲ್ಲ. ಅದೇ ತಂಡದ ಮರಿಯಾ ಓವ್ಸಿಯಾಂಕಿನಾ ಕಂಡುಕೊಂಡದ್ದು ಹೆಚ್ಚು ಗಟ್ಟಿಯಾಗಿ ನಿಂತಿದೆ: ಯಾರೂ ಹೇಳದಿದ್ದರೂ ಮನುಷ್ಯ ಅರ್ಧ ಬಿಟ್ಟ ಕೆಲಸಕ್ಕೆ ತಾನಾಗೇ ಮರಳುತ್ತಾನೆ.

ನನಗೆ ತುಂಬ ಮುಖ್ಯ ಅನ್ನಿಸುವುದು 2011ರ ಅಧ್ಯಯನ. ಮಾಸಿಕಾಂಪೊ ಮತ್ತು ಬಾಮೈಸ್ಟರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಇದನ್ನು ಮಾಡಿದ್ದು. ಬಾಕಿ ಕೆಲಸ ನೆನಪಿಸಿದ ಮೇಲೆ ಓದಲು ಕೂರಿಸಿದರೆ ಜನರ ಗಮನ ಚದುರುತ್ತಿತ್ತು. ಅದೇ ಕೆಲಸವನ್ನು ಹೇಗೆ, ಯಾವಾಗ ಮಾಡುವುದು ಎಂದು ಬರೆಸಿ ಓದಲು ಕೊಟ್ಟಾಗ ಆ ಕಾಟ ಇರಲಿಲ್ಲ. ಕೆಲಸ ಒಂದಿಂಚೂ ಮುಂದೆ ಹೋಗಿರಲಿಲ್ಲ, ನೋಡಿ. ಹೇಗೆ, ಯಾವಾಗ ಎಂಬುದು ನಿಗದಿಯಾಗಿತ್ತು, ತಲೆಗೆ ಅಷ್ಟು ಸಾಕಾಯಿತು. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕಲ್ ಸ್ಕಲಿನ್ ತಂಡ 57 ಯುವಜನರನ್ನು ನಿದ್ರೆಯ ಲ್ಯಾಬಿನಲ್ಲಿ ಮಲಗಿಸಿ ನೋಡಿತು. ಮಲಗುವ ಮುನ್ನ 5 ನಿಮಿಷ ಮುಂದಿನ ಕೆಲಸಗಳನ್ನು ಬರೆದವರು, ಮುಗಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು 9 ನಿಮಿಷ ಮೊದಲು ನಿದ್ದೆ ಹೋದರು. ಬಿಡಿಬಿಡಿಯಾಗಿ, ಖಚಿತವಾಗಿ ಬರೆದಷ್ಟೂ ನಿದ್ದೆ ಬೇಗ.

ಆದ್ದರಿಂದ ಆ್ಯಪಿನಲ್ಲಿ ಸುಮ್ನೆ "ಇನ್ಶೂರೆನ್ಸ್" ಎಂದು ಬರೆದರೆ ಏನೂ ಆಗುವುದಿಲ್ಲ. "ಶನಿವಾರ ಬೆಳಗ್ಗೆ 10, ಬೀರುವಿನಿಂದ ಸ್ಕೂಟರ್ ಪಾಲಿಸಿ ತೆಗೆದು ಏಜೆಂಟ್‌ಗೆ ಫೋನ್" ಎಂದು ಬರೆಯಬೇಕು. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಜರ್ ಇದನ್ನೇ ಪರೀಕ್ಷಿಸಿದ್ದರು. ಕ್ರಿಸ್‌ಮಸ್ ಮುನ್ನಾದಿನ ಹೇಗೆ ಕಳೆಯಿತೆಂದು ಎರಡು ದಿನದೊಳಗೆ ಬರೆದು ಕಳಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಎಲ್ಲಿ ಕೂತು, ಯಾವಾಗ ಬರೆಯುತ್ತೇನೆ ಎಂದು ಮೊದಲೇ ಗೊತ್ತು ಮಾಡಿಕೊಂಡವರಲ್ಲಿ ಮುಕ್ಕಾಲು ಪಾಲಿನಷ್ಟು ಜನ ಮಾಡಿ ಮುಗಿಸಿದರು. ಉಳಿದವರಲ್ಲಿ ಮೂರನೇ ಒಂದು ಪಾಲು.

ಮನೆ ಕೆಲಸಗಳಲ್ಲಿ ಮತ್ತೆ ಮತ್ತೆ ಬರುವಂಥವೇ ಜಾಸ್ತಿ. ಒಳ್ಳೆ ಸಾಫ್ಟ್‌ವೇರ್ ಗೊತ್ತಾಗುವುದೂ ಅಲ್ಲೇ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ತಮ್ಮ ಟಿಪ್ಪಣಿ ಮತ್ತು ಕೆಲಸಗಳಿಗಾಗಿ ಆರ್ಗ್ ಮೋಡ್ ಎಂಬ ಸಾಫ್ಟ್‌ವೇರ್ ಬರೆದರು. ಇದು ಪಠ್ಯ ಬರೆಯಲು, ತಿದ್ದಲು ಬಳಸುವ ಈಮ್ಯಾಕ್ಸ್ ಎಂಬ ಸಾಫ್ಟ್‌ವೇರ್ ಒಳಗೆ ಓಡುತ್ತದೆ, ಉಚಿತ, ಎಲ್ಲವೂ ಸಾದಾ ಪಠ್ಯದ ಫೈಲಿನಲ್ಲಿರುತ್ತದೆ. ಕನ್ನಡದಲ್ಲೇ ಬರೆದಿಡಬಹುದು. ಕಲಿಯಲು ಸ್ವಲ್ಪ ತಾಳ್ಮೆ ಬೇಕು, ನಿಜ. ಆದರೆ ಮರುಕಳಿಸುವ ಕೆಲಸದಲ್ಲಿ ಮೂರು ಬಗೆ ಇದೆ ಎಂಬುದನ್ನು ಅದರಷ್ಟು ಚೆನ್ನಾಗಿ ಹಿಡಿದದ್ದನ್ನು ನಾನು ನೋಡಿಲ್ಲ. ತಾರೀಖಿನ ಪಕ್ಕ ಒಂದು + ಗುರುತು ಹಾಕಿ ಅವಧಿ ಬರೆದರೆ, ಅಂದರೆ +1m ಎಂದರೆ, ಮುಂದಿನ ಸರದಿ ಸರಿಯಾಗಿ ಒಂದು ತಿಂಗಳಿಗೆ ಬರುತ್ತದೆ. ಎರಡು ತಿಂಗಳ ಬಾಡಿಗೆ ಬಾಕಿಯಿದ್ದರೆ ಎರಡನ್ನೂ ಕೇಳುತ್ತದೆ. ++ ಹಾಕಿದರೆ ತಪ್ಪಿದ ಸರದಿಗಳನ್ನು ಬಿಟ್ಟು ಮುಂದಿನದಕ್ಕೆ ಹಾರುತ್ತದೆ. ಪ್ರತಿ ಭಾನುವಾರ ಊರಿಗೆ ಫೋನ್ ಮಾಡುವವರಿಗೆ ಇದು ಸರಿ. ಮೂರು ವಾರ ತಪ್ಪಿತೆಂದು ಒಂದೇ ದಿನ ಮೂರು ಸಲ ಮಾಡಬೇಕಿಲ್ಲ. ಹಿಂದೆ ಚುಕ್ಕೆ ಇಟ್ಟು .+ ಎಂದರೆ ಕೆಲಸ ಮುಗಿಸಿದ ದಿನದಿಂದ ಎಣಿಕೆ ಶುರು. ನೀರಿನ ಟ್ಯಾಂಕ್ ತೊಳೆಯುವುದಕ್ಕೆ ಇದೇ ಬೇಕು. ಹತ್ತು ದಿನ ತಡವಾಗಿ ತೊಳೆದರೆ ಮುಂದಿನದೂ ಹತ್ತು ದಿನ ಮುಂದಕ್ಕೆ ಹೋಗಬೇಕು ತಾನೇ?

ಕ್ಯಾಲೆಂಡರ್ ಆ್ಯಪ್‌ಗಳು ಒಂದಕ್ಕೊಂದು ಮಾತಾಡಲು ಐಕ್ಯಾಲೆಂಡರ್ ಎಂಬ ಪದ್ಧತಿಯಿದೆ. ಮೊದಲು ಬಂದದ್ದು 1998ರಲ್ಲಿ, ತಿದ್ದಿದ್ದು 2009ರಲ್ಲಿ. ಬ್ಯಾಂಕಿಗೆ ರಜೆಯಿರುವ ಎರಡನೇ ಮತ್ತು ನಾಲ್ಕನೇ ಶನಿವಾರಗಳನ್ನು ಅದರಲ್ಲಿ ಒಂದೇ ಸಾಲಿನಲ್ಲಿ ಹೇಳಿಬಿಡಬಹುದು. ಒಂದು ಕಡೆ ಮಾತ್ರ ಹುಷಾರಾಗಿರಬೇಕು. "ಪ್ರತಿ ತಿಂಗಳು 31" ಎಂದು ಇಟ್ಟರೆ, ಆ ನಿಯಮದ ಪ್ರಕಾರ 31 ಇಲ್ಲದ ತಿಂಗಳನ್ನು ಬಿಟ್ಟುಬಿಡುತ್ತದೆ. ವರ್ಷದಲ್ಲಿ ಐದು ತಿಂಗಳು ಸದ್ದೇ ಇಲ್ಲ! "ತಿಂಗಳ ಕೊನೆಯ ದಿನ" ಎಂಬ ಆಯ್ಕೆ ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ 28ಕ್ಕೆ ಇಡಿ.

ಎಷ್ಟು ಹೊತ್ತು ಬೇಕು ಎಂಬ ಅಂದಾಜಿನಲ್ಲೂ ನಾವು ಎಡವುತ್ತೇವೆ. 1994ರಲ್ಲಿ ಕೆನಡಾದ ಸಂಶೋಧಕರು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಕೇಳಿದಾಗ ಸರಾಸರಿ 34 ದಿನ ಎಂದಿದ್ದರು. ಹಿಡಿದದ್ದು 55 ದಿನಕ್ಕೂ ಹೆಚ್ಚು. ಹೋದ ಸಲ ನಿಜವಾಗಿ ಎಷ್ಟು ಹೊತ್ತಾಯಿತು ಎಂದು ಕೆಲಸದ ಕೆಳಗೇ ಬರೆದಿಟ್ಟರೆ ಮುಂದಿನ ಸಲ ಊಹಿಸುವ ಗೋಜಿಲ್ಲ.

ಇನ್ನು ಮನೆಮಂದಿ ಹಂಚಿಕೊಂಡ ಪಟ್ಟಿ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆಲಿಸನ್ ಡಾಮಿಂಜರ್ 2019ರಲ್ಲಿ 35 ದಂಪತಿಗಳನ್ನು ಮಾತಾಡಿಸಿ, ಮನೆ ನಡೆಸುವ ಯೋಚನೆಯ ಕೆಲಸವನ್ನು ನಾಲ್ಕು ಭಾಗ ಮಾಡಿ ನೋಡಿದರು: ಬೇಕಾಗುತ್ತದೆ ಎಂದು ಮುಂಚೆ ಕಾಣುವುದು, ಏನೇನು ದಾರಿ ಇದೆ ಎಂದು ಹುಡುಕುವುದು, ತೀರ್ಮಾನಿಸುವುದು, ಆಯಿತೇ ಎಂದು ಗಮನಿಸುವುದು. ತೀರ್ಮಾನದಲ್ಲಿ ಗಂಡಂದಿರೂ ಇದ್ದರು. ಮೊದಲನೆಯದು, ಕೊನೆಯದು ಹೆಚ್ಚಾಗಿ ಹೆಂಡತಿಯ ಪಾಲಿಗೇ ಬಿದ್ದಿದ್ದವು. ಹಂಚಿಕೊಂಡ ಪಟ್ಟಿಯಲ್ಲೂ ಇದೇ ನಡೆಯಬಹುದು. ಎಲ್ಲವನ್ನೂ ಅವರೇ ತುಂಬಿಸುವುದು, ಆಯಿತಾ ಎಂದು ಅವರೇ ಕೇಳುವುದು. ಉಳಿದವರು ಟಿಕ್ ಹಾಕುವವರು ಮಾತ್ರ. ಇದು ನ್ಯಾಯವಲ್ಲ, ಮತ್ತು ಯಾವ ಆ್ಯಪೂ ತಾನಾಗಿ ಇದನ್ನು ಸರಿಮಾಡುವುದಿಲ್ಲ. ಗ್ಯಾಸ್ ಸಿಲಿಂಡರ್ ಅಪ್ಪನ ಹೆಸರಿಗೆ ಹಾಕುವುದಾದರೆ "ಬುಕ್ ಮಾಡು" ಎಂಬ ಒಂದು ಸಾಲು ಸಾಲದು. ಹೋದ ಸಲದ್ದು ಎಷ್ಟು ದಿನ ಬಂತು ಎಂದು ಲೆಕ್ಕ ಇಡುವುದು, ಅದಕ್ಕೆ ತಕ್ಕಂತೆ ರಿಮೈಂಡರ್ ಹೊಂದಿಸುವುದು, ಸಿಲಿಂಡರ್ ಬರುವ ದಿನ ಮನೆಯಲ್ಲಿ ಯಾರಿರುತ್ತಾರೆ ಎಂದು ನೋಡುವುದು, ಎಲ್ಲವೂ ಅವರ ಪಟ್ಟಿಗೇ ಹೋಗಬೇಕು. ಬೆಲ್ ಆಗುವುದೂ ಅವರ ಫೋನಿನಲ್ಲೇ.